ಉಬ್ಬಸಕ್ಕೆ ಹೊದಿಸಿದ ಶಾಲು

ಸಿಟ್ಟು ಬಂದರೆ ವನಜಾಕ್ಷಿಗೆ ಉಬ್ಬಸ ಹೆಚ್ಚುತ್ತಿತ್ತು. ಹಾಗಾಗಿ ಮನೆಯವರೆಲ್ಲ ಅವಳಿಗೆ ಸಿಟ್ಟು ಬಾರದಂತೆ ಹುಷಾರಾಗಿ ನಡೆದುಕೊಳ್ಳುತ್ತಿದ್ದರು. ಆ ಹುಷಾರು ನೋಡಿಯೇ ಅವಳಿಗೆ ಸಿಟ್ಟು ಬರುತ್ತಿತ್ತು.

ಆದರೆ ಆ ದಿನ ಬೆಳಿಗ್ಗೆ ಅವಳು ಹೊಳೆ ದಂಡೆಯ ಆಶ್ರಮಕ್ಕೆ ಹೊತ್ತು ತಂದ ಸಿಟ್ಟು ಮನೆಯದಲ್ಲ. ಒಂದು ಕಂಕುಳಲ್ಲಿ ನಾಗಸ್ವರ ಇತ್ತು. ಇನ್ನೊಂದು ಕೈಯಲ್ಲಿ ಜರಿ ಅಂಚಿನ ಹೊಸ ಶಾಲು ಇತ್ತು. ಶಾಲನ್ನು ಅವಳು ಒದ್ದೆ ಬಟ್ಟೆ ಹಿಡಿದ ಹಾಗೆ ಮೈಗೆ ತಾಗದಂತೆ ದೂರ ಹಿಡಿದಿದ್ದಳು.

ಗುರು ಮುನಿಸ್ವಾಮಯ್ಯನವರು ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ಸೀವಾಳಿ ಹೆರೆಯುತ್ತಿದ್ದರು. ಸೀವಾಳಿ ಅಂದರೆ ನಾಗಸ್ವರದ ತುದಿಗೆ ಸಿಕ್ಕಿಸುವ, ಹುಲ್ಲಿನಿಂದ ಮಾಡಿದ ಪೀಪಿ. ಅದು ಇಲ್ಲದಿದ್ದರೆ ನಾಗಸ್ವರ ಬರೀ ಮರದ ಕೊಳವೆ.

ವನಜಾಕ್ಷಿ ಶಾಲನ್ನು ಅವರ ಮುಂದೆ ಬಿಸಾಕಿದಳು. ನಾಗಸ್ವರವನ್ನು ಮಾತ್ರ ಬಿಸಾಕಲು ಕೈ ಬರಲಿಲ್ಲ, ಮೆಲ್ಲಗೆ ಇಟ್ಟಳು.

"ಇವತ್ತಿಗೆ ಮುಗೀತು ಗುರುಗಳೇ. ಇದು ನೀವು ಕೊಟ್ಟ ವಾದ್ಯ. ನೀವೇ ತಗೊಳ್ಳಿ."

ಗುರುಗಳು ಯಾಕೆ ಎಂದು ಕೇಳಲಿಲ್ಲ. ನಡೆದು ಬಂದೆಯೋ ಬಸ್ಸಲ್ಲಿ ಬಂದೆಯೋ ಎಂದು ಕೇಳಿದರು. ನಡೆದು ಬಂದೆ ಅಂದಳು. ಇಷ್ಟು ದೂರ ನಡೆದು ಬಂದರೂ ಸಿಟ್ಟು ಇಳಿಯಲಿಲ್ಲವಲ್ಲ, ಗಟ್ಟಿ ಸಿಟ್ಟೇ ಇರಬೇಕು ಅಂತ ಹೇಳಿ ಅವರು ಮತ್ತೆ ಸೀವಾಳಿ ಹೆರೆಯತೊಡಗಿದರು. ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಆದದ್ದು ಇಷ್ಟು.

ಹಿಂದಿನ ಸಂಜೆ ಆಶ್ರಮದಲ್ಲಿ ಹಿರಿಯ ಸ್ವಾಮಿಗಳ ಆರಾಧನೆ. ಆರಾಧನೆಯ ದಿನ ಮುನಿಸ್ವಾಮಯ್ಯನವರ ಶಿಷ್ಯರು ಒಬ್ಬೊಬ್ಬರಾಗಿ ಕೂತು ನುಡಿಸುವುದು ಅಲ್ಲಿಯ ಪದ್ಧತಿ. ಅವರಲ್ಲಿ ಯಾರೂ ಓಲಗದ ಮನೆತನದವರಲ್ಲ, ಹೊಟ್ಟೆಪಾಡಿಗೆ ನುಡಿಸುವವರೂ ಅಲ್ಲ. ಕೆಂಪರಾಜು ಬಸ್ ಕಂಡಕ್ಟರು. ವನಜಾಕ್ಷಿ ಪೇಟೆಯಲ್ಲಿ ರವಿಕೆ ಹೊಲಿಯುವವಳು. ಆರು ವರ್ಷ ಕಲಿತ ಮೇಲೆ ಅವಳಿಗೆ ಮೊದಲ ಸಲ ಅವಕಾಶ ಸಿಕ್ಕಿತ್ತು. ಕಲ್ಯಾಣಿ ರಾಗ ನುಡಿಸಿದಳು. ನಡುವೆ ಒಂದು ಸಲ ನಿಲ್ಲಿಸಿ, ಸೊಂಟದ ಚೀಲದಿಂದ ಉಬ್ಬಸದ ಮದ್ದಿನ ಪಂಪು ತೆಗೆದು ಬಾಯಿಗಿಟ್ಟು ಎಳೆದುಕೊಂಡು, ಮತ್ತೆ ಮುಂದುವರಿಸಿದಳು.

ಮುಗಿದ ಮೇಲೆ ಆಶ್ರಮದ ವ್ಯವಸ್ಥೆ ನೋಡಿಕೊಳ್ಳುವ ಅನಂತರಾಮಯ್ಯ ಮೈಕು ಹಿಡಿದರು. ಇಷ್ಟು ದೊಡ್ಡ ಕಾಯಿಲೆ ಇಟ್ಟುಕೊಂಡೂ ಈ ತಾಯಿ ಊದುತ್ತಾಳಲ್ಲ, ಕೈಕಾಲು ಗಟ್ಟಿ ಇರುವ ನಮಗೆಲ್ಲ ನಾಚಿಕೆಯಾಗಬೇಕು ಅಂದರು. ಅವಳ ಉಬ್ಬಸ, ಬೆನ್ನುನೋವು, ರಕ್ತ ಕಡಿಮೆ ಇರುವುದು, ಒಂದೊಂದನ್ನೂ ಮದುವೆ ಮನೆಯಲ್ಲಿ ಮುಯ್ಯಿ ಓದುವ ಹಾಗೆ ಮೈಕಿನಲ್ಲಿ ಓದಿದರು. ಶಾಲು ಹೊದಿಸಿದರು. ಜನ ಚಪ್ಪಾಳೆ ತಟ್ಟಿದರು. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಪ್ರಸಾದದ ಸಾಲಿನಲ್ಲಿ ಒಬ್ಬಾಕೆ ಅವಳ ಬೆನ್ನು ಸವರಿ, ತನ್ನ ನಾದಿನಿಗೂ ಹೀಗೇ ಇತ್ತು, ಹೋಗಿಬಿಟ್ಟಳು ಅಂದಳು.

ಕಲ್ಯಾಣಿ ಹೇಗಿತ್ತು ಎಂದು ಒಬ್ಬರೂ ಹೇಳಲಿಲ್ಲ.

ವನಜಾಕ್ಷಿಗೆ ಉಬ್ಬಸ ಹತ್ತನೇ ವಯಸ್ಸಿನಿಂದ. ಮಕ್ಕಳು ಬೀದಿಯಲ್ಲಿ ಆಡುವಾಗ ಅವಳು ಕಿಟಕಿ ಪಕ್ಕ ದಿಂಬಿಗೆ ಒರಗಿ ಕೂತಿರಬೇಕಾಗಿತ್ತು. ಎದುರಿನ ದೇವಸ್ಥಾನದಿಂದ ನಾಗಸ್ವರ ಕೇಳುತ್ತಿತ್ತು. ಒಬ್ಬ ಮನುಷ್ಯನಲ್ಲಿ ಇಷ್ಟೊಂದು ಉಸಿರು ಇರುತ್ತದೆಯೇ ಎಂದು ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆ ಹೊಟ್ಟೆಕಿಚ್ಚೇ ಮುಂದೆ ಆಸೆಯಾಯಿತು. ಊರಿನ ಡಾಕ್ಟರು ವೀಣೆ ಕಲಿಯಿರಿ, ಹಾರ್ಮೋನಿಯಂ ಕಲಿಯಿರಿ, ಊದುವುದೊಂದು ಬೇಡ ಅಂದರು. ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಪಂಪು ಜೊತೆಗಿಟ್ಟುಕೊಂಡು ಊದಿ, ಸುಸ್ತಾದರೆ ನಿಲ್ಲಿಸಿ ಅಂದರು. ಅವಳು ಎರಡನೆಯವರ ಮಾತು ಹಿಡಿದಳು. ಯಾರಾದರೂ ಹಾಗೇ ಮಾಡುತ್ತಿದ್ದರು.

ಇಷ್ಟೆಲ್ಲ ಕಾಡಿ ಬೇಡಿ ಕಲಿತದ್ದು ಕಾಯಿಲೆಯಿಂದ ಸ್ವಲ್ಪ ಹೊತ್ತು ಆಚೆ ಬರಲಿಕ್ಕೆ. ಜನ ಚಪ್ಪಾಳೆ ತಟ್ಟಿ ಅವಳನ್ನು ಮತ್ತೆ ಅದೇ ಕಿಟಕಿ ಪಕ್ಕ ತಂದು ಕೂರಿಸಿದ್ದರು. ಹೊಟ್ಟೆ ಉರಿಯದೆ ಇರುತ್ತದೆಯೇ?

"ಅವರು ಶಾಲು ಹೊದಿಸಿದ್ದು ನಂಗಲ್ಲ ಗುರುಗಳೇ, ಉಬ್ಬಸಕ್ಕೆ" ಅಂದಳು ವನಜಾಕ್ಷಿ. "ನೀವು ಎದುರಿಗೇ ಕೂತಿದ್ರಿ. ಸುಮ್ಮನೆ ನೋಡ್ತಾ ಇದ್ರಿ."

ಗುರುಗಳು ಸೀವಾಳಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಮೈಕ್ ಮುಂದೆ ಕೂತ ತಕ್ಷಣ ನೀನು ಏನಂದೆ?"

ಅವಳು ನೆನಪು ಮಾಡಿಕೊಂಡಳು. ನನಗೆ ಉಬ್ಬಸ ಇದೆ, ತಪ್ಪಾದರೆ ದಯವಿಟ್ಟು ಕ್ಷಮಿಸಬೇಕು ಅಂದಿದ್ದಳು.

"ಎಲೆ ಹಾಕಿ ಮೊದಲು ನೀನು ಬಡಿಸಿದ್ದು ಉಬ್ಬಸ. ಅವರು ಉಂಡಿದ್ದೂ ಅದನ್ನೇ."

ಅದು ಮರ್ಯಾದೆಗೆ ಹೇಳುವ ಮಾತು, ಎಲ್ಲರೂ ಹೇಳುತ್ತಾರೆ ಎಂದು ವನಜಾಕ್ಷಿ ವಾದಿಸಿದಳು. ಕೆಂಪರಾಜು ಕೂಡ ತನಗೆ ಗಂಟಲು ಕೆಟ್ಟಿದೆ ಎಂದು ಹೇಳಿಯೇ ಶುರು ಮಾಡಿದ. ನಾಗಸ್ವರಕ್ಕೂ ಗಂಟಲಿಗೂ ಏನು ಸಂಬಂಧವೋ ಅವನೇ ಬಲ್ಲ. ಗುರುಗಳು ನಕ್ಕರು. ಅವಳಿಗೂ ಇನ್ನೇನು ನಗು ಬರಬೇಕು, ಹಲ್ಲು ಕಚ್ಚಿ ತಡೆದುಕೊಂಡಳು. ನಕ್ಕರೆ ಸಿಟ್ಟು ವ್ಯರ್ಥವಾಗುತ್ತಿತ್ತು.

"ನನ್ನ ಕಲ್ಯಾಣಿ ಹೇಗಿತ್ತು? ಅದೊಂದು ಹೇಳಿ, ನಾನು ಹೊರಡ್ತೀನಿ."

"ನಿನ್ನೆ ಮೈಕಿನ ಗಲಾಟೆ. ಈಗ ನುಡಿಸು, ಹೇಳ್ತೀನಿ."

ಮೆಟ್ಟಿಲು ಇಬ್ಬನಿಗೆ ಒದ್ದೆಯಾಗಿತ್ತು. ಗುರುಗಳು ಶಾಲನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ತಮ್ಮ ಎದುರಿನ ಕಲ್ಲಿನ ಮೇಲೆ ಹಾಸಿದರು. ಸನ್ಮಾನದ ಶಾಲಿನ ಮೇಲೆ ಕೂರುವುದೇ ಎಂದು ಅವಳು ಅನುಮಾನಿಸಿದಳು. ಆಮೇಲೆ ಹಿಂದಿನ ಸಂಜೆಯ ಮೈಕು ನೆನಪಾಯಿತು. ಕೂತಳು. ಬೆಚ್ಚಗೇ ಇತ್ತು.

ತನ್ನ ಸೀವಾಳಿಯನ್ನು ತುಟಿಯಲ್ಲಿ ನೆನೆಸಿ, ಸಿಕ್ಕಿಸಿ, ಊದಿದಳು. ಕೇಳುವವರು ಬೇರೆ ಯಾರೂ ಇರಲಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುವ ಹಾಗೆ ಅನಂತರಾಮಯ್ಯನ ಮೇಲಿನ ಕೋಪವನ್ನೆಲ್ಲ ಅವಳು ಕಲ್ಯಾಣಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಹಾಗಿದ್ದರೂ ಷಡ್ಜ ಗಟ್ಟಿಯಾಗಿ ನಿಂತಿತು. ಉಸಿರು ಬೇಕಾದ ಕಡೆ ನಿಲ್ಲಿಸಿ ತೆಗೆದುಕೊಂಡಳು. ಎದೆ ಬಿಗಿಯುತ್ತಿತ್ತು, ಆದರೆ ಅವಳ ಮಾತು ಕೇಳುವಷ್ಟೇ ಬಿಗಿ. ಮೇಲಿನಿಂದ ಇಳಿದು ಪಂಚಮ ದಾಟುವಾಗ ಸ್ವರ ಜಾರಿತು. ಹಿಂದಿನ ಸಂಜೆ ಜಾರಿದ್ದೂ ಅಲ್ಲೇ. ಮಧ್ಯಮ ಇರಬೇಕಾದ ಎತ್ತರದಲ್ಲಿ ನಿಲ್ಲದೆ ಕೆಳಗೆ ಬಿತ್ತು, ಕಲ್ಯಾಣಿಯ ಮನೆಯೊಳಗೆ ಶಂಕರಾಭರಣ ರಾಗ ನುಗ್ಗಿತು.

ವನಜಾಕ್ಷಿ ನಿಲ್ಲಿಸಿದಳು. ಎದೆಯ ಮೇಲೆ ಕೈ ಇಟ್ಟಳು.

"ಉಬ್ಬಸ" ಅಂದಳು.

ಗುರುಗಳು ಕೈ ಚಾಚಿ ಅವಳ ನಾಗಸ್ವರದ ತುದಿಯಿಂದ ಸೀವಾಳಿ ಕಿತ್ತುಕೊಂಡರು. ತಮ್ಮ ಕಿವಿಯ ಸಂದಿಗೆ ಸಿಕ್ಕಿಸಿಕೊಂಡರು.

"ಈಗ ನುಡಿಸು."

ಸೀವಾಳಿ ಇಲ್ಲದೆ ನುಡಿಸುವುದು ಹೇಗೆ? ಹುಚ್ಚರೇ ಇವರು? ಬೆರಳಲ್ಲಿ ನುಡಿಸು ಅಂದರು ಗುರುಗಳು. ಊದಬೇಡ, ಉಸಿರು ನಿನ್ನ ಪಾಡಿಗೆ ಆಡಲಿ, ಬೆರಳು ಮಾತ್ರ ಕಲ್ಯಾಣಿ ನುಡಿಸಲಿ.

ಅವಳು ಬರೀ ಕೊಳವೆ ಹಿಡಿದು ಬೆರಳು ಆಡಿಸಿದಳು. ಮೂಗಿನಲ್ಲಿ ಉಸಿರು ಸಲೀಸಾಗಿ ಹೋಗಿ ಬರುತ್ತಿತ್ತು. ಸದ್ದಿಲ್ಲದ ಕಲ್ಯಾಣಿ ಏರಿತು, ಇಳಿಯತೊಡಗಿತು. ಗುರುಗಳು ಅವಳ ಬೆರಳುಗಳನ್ನೇ ನೋಡುತ್ತಿದ್ದರು.

"ಇಲ್ಲಿ" ಅಂದರು.

ಅವಳು ಕೆಳಗೆ ನೋಡಿದಳು. ಅರ್ಧ ತೆರೆದಿರಬೇಕಾದ ರಂಧ್ರದ ಮೇಲೆ ಉಂಗುರದ ಬೆರಳು ಸೋಮಾರಿಯಂತೆ ಮಲಗಿತ್ತು.

ಮತ್ತೆ ನುಡಿಸು ಅಂದರು. ಅವಳು ಎಚ್ಚರವಾಗಿ ಮತ್ತೆ ನುಡಿಸಿದಳು. ಅದೇ ಜಾಗ, ಬೆರಳು ಮತ್ತೆ ಮಲಗಿತು. ಇನ್ನೊಮ್ಮೆ ಮಾಡಿದರೂ ಅಷ್ಟೇ.

"ಈಗ ನೀನು ಊದಲಿಲ್ಲ" ಅಂದರು ಗುರುಗಳು. "ಹಾಗಾದ್ರೆ ಯಾರಿಗೆ ಉಬ್ಬಸ?"

ವನಜಾಕ್ಷಿಯ ಮುಖಕ್ಕೆಲ್ಲ ರಕ್ತ ನುಗ್ಗಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅಂಥವಳನ್ನು ಕಂಡರೆ ಅವಳಿಗೆ ಆಗುತ್ತಿರಲಿಲ್ಲ. ಈಗ ನೋಡಿದರೆ ತಾನೇ ಅವಳು. ಕಾಯಿಲೆಯೊಂದನ್ನೇ ನೋಡುತ್ತಾರೆ ಎಂದು ಊರಿನವರನ್ನೆಲ್ಲ ಬೈದುಕೊಂಡು ಬಂದವಳು, ತನ್ನ ಬೆರಳು ತಪ್ಪಿದಾಗ ಅದೇ ಕಾಯಿಲೆಯ ಹಿಂದೆ ಅಡಗಿಕೊಂಡಿದ್ದಳು. ನಾಚಿಕೆಯಾಯಿತು. ಅವಳಿಗೆ ನಾಚಿಕೆ ಬಹಳ ಹೊತ್ತು ನಾಚಿಕೆಯಾಗಿ ಉಳಿಯುವುದಿಲ್ಲ, ಬೇಗ ಸಿಟ್ಟಾಗುತ್ತದೆ. ಈ ಸಲ ಆ ಸಿಟ್ಟಿಗೆ ಒಂದು ಪ್ರಶ್ನೆ ಸಿಕ್ಕಿತು.

"ಈ ಬೆರಳು ಹೀಗೆ ಬೀಳ್ತಿರೋದು ನಿಮಗೆ ಯಾವಾಗಿಂದ ಗೊತ್ತು?"

ಗುರುಗಳು ಹೊಳೆ ಕಡೆ ನೋಡಿದರು.

"ನೀನು ಕಲ್ಯಾಣಿ ಶುರು ಮಾಡಿದಾಗಿಂದ."

ಅಂದರೆ ಮೂರು ವರ್ಷ. ವನಜಾಕ್ಷಿಗೆ ಎಲ್ಲ ಒಂದೊಂದಾಗಿ ನೆನಪಾಗತೊಡಗಿತು.

ಕೆಂಪರಾಜು ಒಂದು ಸ್ವರ ತಪ್ಪಿದರೆ ಗುರುಗಳು ಹೆಗಲ ಮೇಲಿನ ವಸ್ತ್ರ ಕೊಡವಿ ಎದ್ದುಬಿಡುತ್ತಿದ್ದರು. ನಿನ್ನ ಬಸ್ಸಿನಲ್ಲಿ ಹಿಂಗೇ ಟಿಕೆಟ್ ಹರೀತೀಯೇನೋ ಎಂದು ಅವನ ಮಾನ ಕಳೆಯುತ್ತಿದ್ದರು. ಒಂದೇ ಸಾಲನ್ನು ಮಧ್ಯಾಹ್ನದವರೆಗೆ ಊದಿಸುತ್ತಿದ್ದರು, ಅವನು ಅಳುಮೋರೆ ಮಾಡಿಕೊಂಡು ಡ್ಯೂಟಿಗೆ ಓಡುತ್ತಿದ್ದ. ಅದೇ ಸ್ವರವನ್ನು ವನಜಾಕ್ಷಿ ತಪ್ಪಿದರೆ, "ಇರಲಿ ಬಿಡು ತಾಯಿ" ಅನ್ನುತ್ತಿದ್ದರು. ಎಳನೀರು ಕೊಡಿಸುತ್ತಿದ್ದರು. ಅದನ್ನು ಅವಳು ಅಕ್ಕರೆ ಎಂದುಕೊಂಡಿದ್ದಳು. ಕೆಂಪರಾಜುವಿಗಿಂತ ತಾನೇ ಮೇಲು ಎಂದು ಒಳಗೊಳಗೇ ಬೀಗಿದ್ದೂ ಉಂಟು.

ಕೆಂಪರಾಜುವಿನ ಕಲ್ಯಾಣಿಯಲ್ಲಿ ಮಧ್ಯಮ ಕೆಳಗೆ ಬೀಳುತ್ತಿರಲಿಲ್ಲ.

"ನಂಗ್ಯಾಕೆ ಹೇಳಲಿಲ್ಲ?" ಅಂದಳು.

ಗುರುಗಳು ಸೀವಾಳಿ ಹೆರೆಯುವ ಕತ್ತಿ ಎತ್ತಿಕೊಂಡು ಅಲಗು ಒರೆಸತೊಡಗಿದರು. ಅವರ ಒಗಟಿನ ಮಾತೆಲ್ಲ ಎಲ್ಲಿಗೆ ಹೋಯಿತೋ. ವನಜಾಕ್ಷಿ ಎದ್ದು ನಿಂತಳು. ಗುರುಗಳ ಎದುರು ಅವಳು ದನಿ ಎತ್ತಿದವಳಲ್ಲ, ಆವತ್ತೂ ಎತ್ತಲಿಲ್ಲ.

"ಅನಂತರಾಮಯ್ಯನೋರು ಹೊದಿಸಿದ್ದು ಒಂದೇ ಶಾಲು ಗುರುಗಳೇ, ಅದೂ ಒಂದೇ ದಿನ. ನೀವು ಇಷ್ಟು ವರ್ಷ ದಿನಾ ಹೊದಿಸಿದ್ದೀರಿ."

ಗುರುಗಳು ಕೈಯಲ್ಲಿದ್ದ ಕತ್ತಿಯನ್ನು ಕಲ್ಲಿನ ಮೇಲಿಟ್ಟರು. ಅವಳನ್ನು ಕೂತುಕೋ ಎನ್ನಲಿಲ್ಲ, ಅಂಥ ಮಾತಾಡಿದ್ದಕ್ಕೆ ಗದರಲೂ ಇಲ್ಲ. ಕಲಿಯಲು ಬಂದ ಮೊದಲ ವರ್ಷ ಒಂದು ಬೆಳಿಗ್ಗೆ ಅವಳು ಊದುತ್ತಲೇ ಕುಸಿದಿದ್ದಳು. ತುಟಿ ನೀಲಿಯಾಗಿತ್ತು. ಆಟೋ ಬರುವವರೆಗೆ ಅವರು ಅವಳ ಬೆನ್ನಿಗೆ ಕೈ ಕೊಟ್ಟು ಕೂರಿಸಿಕೊಂಡಿದ್ದರು. ಅವಳಿಗೆ ಆ ದಿನ ಅರೆಬರೆ ನೆನಪು. ಅವರಿಗೆ ಪೂರ್ತಿ ನೆನಪಿತ್ತು.

"ಬೈದರೆ ನಿನಗೆ ಉಸಿರು ಕಟ್ಟೀತು ಅಂತ ಹೆದರಿದ್ದೆ" ಅಂದರು.

"ಬೈಯದೇ ಇದ್ರೂ ಕಟ್ಟುತ್ತೆ" ಅಂದಳು ವನಜಾಕ್ಷಿ.

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಕೇಳುತ್ತಿತ್ತು. ಗುರುಗಳು ತಲೆ ತಗ್ಗಿಸಿ ಕೂತರು. ತಾನು ಇಷ್ಟು ಕಟುವಾಗಿ ಅನ್ನಬಾರದಿತ್ತೇನೋ ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ಮರುಕ್ಷಣ ಅನ್ನಲೇಬೇಕಿತ್ತು ಅನಿಸಿತು. ಆರು ವರ್ಷ ಅವಳು ಉಳಿಸಿಟ್ಟ ಉಸಿರನ್ನೆಲ್ಲ ಇಲ್ಲಿ ತಂದು ಸುರಿದಿದ್ದಳು. ಅದಕ್ಕೆ ಬದಲಾಗಿ ಸಿಕ್ಕಿದ್ದು ಕನಿಕರವಾದರೆ, ಅದಕ್ಕೆ ಮನೆಯೇ ಸಾಕಾಗಿತ್ತು.

"ಗುರುಗಳೇ, ಉಸಿರಿನದು ನನ್ನ ಕೈಲಿಲ್ಲ. ಅದು ಬಂದ್ರೆ ಬಂತು, ಇಲ್ಲಾಂದ್ರೆ ಇಲ್ಲ. ಅದಕ್ಕೆ ನೀವು ಏನೂ ಅನ್ನಬೇಡಿ. ಆದ್ರೆ ಬೆರಳು ನನ್ನದು. ಅದು ತಪ್ಪಿದ್ರೆ ಕೆಂಪರಾಜುಗೆ ಬೈದ ಹಾಗೆ ನಂಗೂ ಬೈರಿ. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ನಾನು ನಿಜವಾಗಿ ಹೋಗ್ತೀನಿ."

ಮುನಿಸ್ವಾಮಯ್ಯನವರು ಕಿವಿಯ ಸಂದಿಯಿಂದ ಸೀವಾಳಿ ತೆಗೆದು, ವಸ್ತ್ರದ ತುದಿಯಲ್ಲಿ ಒರೆಸಿ, ಅವಳ ಕಡೆ ಚಾಚಿದರು.

ಅವಳು ಕೂತು ಮತ್ತೆ ಊದಿದಳು. ಕಲ್ಯಾಣಿ ಏರಿತು. ಒಂದು ಕಡೆ ಉಸಿರು ಸಾಲದೆ ನಡುವೆಯೇ ತುಂಡಾಯಿತು. ಗುರುಗಳು ಏನೂ ಅನ್ನಲಿಲ್ಲ, ಕಣ್ಣು ಕೂಡ ಎತ್ತಲಿಲ್ಲ. ಅವಳು ಉಸಿರೆಳೆದುಕೊಂಡು ತುಂಡಾದ ಕಡೆಯಿಂದ ಎತ್ತಿಕೊಂಡಳು. ಪಂಚಮಕ್ಕೆ ಬಂದಳು, ಇಳಿದಳು. ಬೆರಳು ಬಿತ್ತು.

"ತಾ..." ಎಂದು ಬಾಯಿ ತೆರೆದ ಗುರುಗಳು ಆ ಮಾತನ್ನು ನುಂಗಿಕೊಂಡರು. ಅಭ್ಯಾಸ ಬಲ. ಒಂದು ಸಲ ಕೆಮ್ಮಿದರು. ಆಮೇಲೆ ಕಲ್ಲಿಗೆ ಕೈ ಬಡಿದರು.

"ಬೆರಳೇನು ಅದು, ಒನಕೆಯಾ? ರವಿಕೆಗೆ ತೋಳು ಇಡುವಾಗ್ಲೂ ಹಿಂಗೇ ಕಣ್ಣು ಮುಚ್ಚಿ ಇಡ್ತೀಯಾ? ಯಾರು ನಿನಗೆ ಹೊಲಿಗೆ ಕೊಡ್ತಾರೆ ಈ ಊರಲ್ಲಿ?"

ವನಜಾಕ್ಷಿಗೆ ಚುರುಕ್ ಎಂದಿತು. ಹೊಲಿಗೆಯ ಮಾತಿಗೆ ಯಾಕೆ ಹೋಗಬೇಕಿತ್ತು ಇವರು? ಅವಳ ತೋಳಿನ ಹೊಲಿಗೆಯನ್ನು ಯಾರೂ ಇಲ್ಲಿಯವರೆಗೆ ಆಡಿಕೊಂಡಿರಲಿಲ್ಲ. ಬೈರಿ ಎಂದು ಕೇಳುವುದು ಸುಲಭ, ಬೈಸಿಕೊಳ್ಳುವುದು ಬೇರೆಯೇ ಎಂದು ಅವಳಿಗೆ ಆವತ್ತು ತಿಳಿಯಿತು. ಹಟಕ್ಕೆ ಬಿದ್ದು ಮತ್ತೆ ಊದಿದಳು. ಬೆರಳು ಬಿತ್ತು. ಈ ಸಲ ಗುರುಗಳು ಬೈಗುಳಕ್ಕೆ ಅವಳ ಅಮ್ಮನ ಮನೆಯವರನ್ನೂ ಸೇರಿಸಿಕೊಂಡರು. ಅವಳು ಕಣ್ಣಲ್ಲಿ ನೀರು ತುಂಬಿಕೊಂಡೇ ಮತ್ತೆ ಊದಿದಳು. ಬೆರಳು ಅಂಚಿನಲ್ಲಿ ತಡವರಿಸಿ ಅರ್ಧ ನಿಂತಿತು. ಮಧ್ಯಮ ಒಂದು ಗಳಿಗೆ ತನ್ನ ಎತ್ತರದಲ್ಲಿ ಮಿನುಗಿ, ಮತ್ತೆ ಜಾರಿತು.

ಅದು ಜಾರುವುದಕ್ಕೆ ಮುಂಚಿನ ಆ ಒಂದು ಗಳಿಗೆ ಇಬ್ಬರೂ ಕೇಳಿಸಿಕೊಂಡರು.

ಅಷ್ಟು ಹೊತ್ತಿಗೆ ಎದೆಯೊಳಗೆ ಸಿಳ್ಳೆ ಶುರುವಾಗಿತ್ತು. ಈ ಸಲ ನೆಪವಲ್ಲ, ನಿಜವಾದದ್ದೇ. ವನಜಾಕ್ಷಿ ನಾಗಸ್ವರ ತೊಡೆಯ ಮೇಲಿಟ್ಟು ಪಂಪು ತೆಗೆದಳು. ಗುರುಗಳು ಗಾಬರಿಯಿಂದ ಅರ್ಧ ಎದ್ದರು, ನೀರು ತರಲೋ ಯಾರನ್ನಾದರೂ ಕರೆಯಲೋ ಎಂದು. ಅವಳು ಬಾಯಲ್ಲಿ ಪಂಪು ಇಟ್ಟುಕೊಂಡೇ ಕಣ್ಣು ಬಿಟ್ಟು ನೋಡಿದಳು. ಅವರು ಮತ್ತೆ ಕೂತರು. ಕೈಗೆ ಕೆಲಸ ಬೇಕಿತ್ತು, ಕತ್ತಿ ಎತ್ತಿಕೊಂಡು ಮೊದಲಿನ ಸೀವಾಳಿಯನ್ನೇ ಹೆರೆಯತೊಡಗಿದರು. ಕಣ್ಣು ಅವಳ ಮೇಲೇ ಇದ್ದುದರಿಂದ ಆ ಸೀವಾಳಿ ಹಾಳಾಯಿತು.

ಸಿಳ್ಳೆ ನಿಧಾನವಾಗಿ ಇಳಿಯಿತು. ತುಟಿಗೆ ಬಣ್ಣ ಬಂತು. ಬಿಸಿಲು ಮೆಟ್ಟಿಲು ಇಳಿದು ನೀರಿಗೆ ತಾಗಿತ್ತು. ಅಂಗಡಿ ಬಾಗಿಲು ತೆಗೆಯುವ ಹೊತ್ತಾಗಿತ್ತು, ಮದುವೆ ಮನೆಯವರ ಬಟ್ಟೆ ಹಾಗೇ ಬಿದ್ದಿತ್ತು. ಇವತ್ತಿಗೆ ಇಷ್ಟು ಸಾಕು, ಇನ್ನು ಗುರುಗಳೇ ಹೋಗು ಅನ್ನುತ್ತಾರೆ ಎಂದುಕೊಂಡು ಅವಳು ಪಂಪನ್ನು ಚೀಲಕ್ಕೆ ಹಾಕಿ, ಮೊಣಕಾಲಿಗೆ ಕೈ ಊರಿ ಎದ್ದಳು.

ಮುನಿಸ್ವಾಮಯ್ಯನವರು ಹಾಳಾದ ಸೀವಾಳಿಯನ್ನು ಹೊಳೆಗೆ ಎಸೆದರು.

"ಎಲ್ಲಿಗೆ ಹೊರಟೆ? ಎದೆಗೆ ಮದ್ದು ಹಾಕ್ಕೊಂಡೆ, ಸರಿ. ಬೆರಳಿಗೆ ಯಾವ ಡಾಕ್ಟರೂ ಬರೆದುಕೊಡಲ್ಲ. ಕೂತ್ಕೋ, ಮೊದಲಿಂದ ಹಿಡಿ."